ಕಿಲುಬು, ತುಕ್ಕು, ಪೊರೆ: ಹಳೆಯ ಕಂಚಿನ ನಾಣ್ಯಕ್ಕೆ ಯಾವ ಪದ?

ಪ್ರಾಚೀನ ರೋಮಿನ ಕಂಚಿನ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿರುವ ನನಗೆ ಒಂದು ಪದ ಬೇಕಾಗಿದೆ. ತಿಳಿದವರು ನೆರವಾಗಬೇಕೆಂದು ಕೋರುತ್ತೇನೆ. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ನಾಣ್ಯದ ಮೇಲೆ ಹಸಿರಾಗಿಯೋ ಕಂದಾಗಿಯೋ ಗಟ್ಟಿಯಾಗಿ ಕೂತಿರುವ ತೆಳು ಪದರವನ್ನು ಸಂಗ್ರಾಹಕರು ಪಟೀನಾ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಏನೆನ್ನೋಣ?

‘ತುಕ್ಕು’ ಎಂದು ಕೆಲವರು ಬರೆಯುತ್ತಾರೆ. ಅದು ಕಬ್ಬಿಣಕ್ಕೆ ಸಂಬಂಧಿಸಿದ ಮಾತು, ಇಲ್ಲಿ ಸಲ್ಲದು. ತಾಮ್ರ, ಕಂಚು, ಹಿತ್ತಾಳೆಗೆ ಹಿಡಿಯುವುದು ‘ಕಿಲುಬು’. ಆದರೆ ಕಿಲುಬೆಂದರೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯಬೇಕಾದ ಕೊಳೆ. ‘ಕಿಲುಬು ಕಾಸು’ ಎಂದರಂತೂ ಬೆಲೆಯೇ ಇಲ್ಲದ್ದು. ಸಂಗ್ರಾಹಕರಿಗೆ ಈ ಪದರ ಉಳಿದಿರುವುದರಿಂದಲೇ ನಾಣ್ಯಕ್ಕೆ ಬೆಲೆ.

ನನ್ನ ಬಳಿಯಿರುವ ಎರಡನೆಯ ಕಾನ್‌ಸ್ಟಾಂಟಿಯಸ್‌ನ (ಆಳ್ವಿಕೆ ಕ್ರಿ.ಶ. 337–361) ಒಂದು ಪುಟ್ಟ ನಾಣ್ಯವನ್ನೇ ನೋಡಿ. ಅದರ ಹಿಂಬದಿಯಲ್ಲಿ ಗುರಾಣಿ ಹಿಡಿದ ಸೈನಿಕನೊಬ್ಬ, ಕುದುರೆಯ ಸಮೇತ ಕುಸಿಯುತ್ತಿರುವ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಶತ್ರು ಹಿಂದಕ್ಕೆ ತಿರುಗಿ ಕೈಯೆತ್ತಿದ್ದಾನೆ. ಸುತ್ತಲೂ ‘ಫೆಲ್ ಟೆಂಪ್ ರೆಪರಾಷಿಯೊ’, ಅಂದರೆ ಸುಖದ ಕಾಲ ಮರಳಿತು ಎಂಬ ಬರಹವಿದೆ. ಪರ್ಷಿಯದ ಎರಡನೆಯ ಶಾಪುರನೊಡನೆ ಯುದ್ಧ ಮುಗಿಯದೆ ಎಳೆಯುತ್ತಿದ್ದ ದಿನಗಳಲ್ಲೇ, ಸುಮಾರು 348ರಲ್ಲಿ, ಈ ಘೋಷಣೆಯನ್ನು ಟಂಕಿಸತೊಡಗಿದರೆಂಬುದನ್ನು ನೆನೆದಾಗ ಆ ಮೂರು ಪದಗಳು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುತ್ತವೆ. ಶತ್ರುವಿನ ಬೆರಳುಗಳು, ಅಕ್ಷರಗಳ ಅಂಚು ಎಲ್ಲವೂ ಉಳಿದಿರುವುದು ಆ ಹಸಿರು ಪದರದಲ್ಲೇ. ಅದನ್ನು ತಿಕ್ಕಿದರೆ ಕೆಳಗೆ ಸಿಗುವುದು ಗುಳಿಬಿದ್ದ ಲೋಹ ಮಾತ್ರ.

ಇದಲ್ಲದೆ, ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ತಿನ್ನುವ, ಸೂಜಿ ತಗುಲಿಸಿದರೆ ಪುಡಿಯಾಗಿ ಉದುರುವ ತಿಳಿಹಸಿರು ರೋಗವೊಂದಿದೆ. ‘ಕಿಲುಬು’ ಎಂಬುದನ್ನು ಇದಕ್ಕೇ ಮೀಸಲಿಟ್ಟು, ಗಟ್ಟಿ ಪದರವನ್ನು ‘ಪೊರೆ’ ಎನ್ನಬಹುದೇ? ಪೊರೆಯೆಂದರೆ ತೆಳುವಾದ ಹೊದಿಕೆ. ‘ಪೊರೆ’ ಎಂಬ ಕ್ರಿಯಾಪದಕ್ಕೆ ಕಾಪಾಡು ಎಂಬ ಅರ್ಥವೂ ಇದೆ. ಆದರೆ ಕಣ್ಣಿನ ಪೊರೆಯನ್ನು ತೆಗೆಸುತ್ತೇವೆ, ಹಾವು ಪೊರೆ ಕಳಚುತ್ತದೆ ಎಂಬ ಬಳಕೆಗಳು ಅಡ್ಡ ಬರುತ್ತವೆಯೇ ಎಂಬ ಅಳುಕು ನನಗಿದೆ. ಕಂಚುಗಾರರಲ್ಲಿ, ವಿಗ್ರಹಗಳ ಎರಕ ಹೊಯ್ಯುವವರಲ್ಲಿ ಇದಕ್ಕೆ ಬೇರೆ ಪದವಿದ್ದರೆ, ಯಾವ ಸೀಮೆಯ ಬಳಕೆ ಎಂಬುದರೊಂದಿಗೆ ದಯವಿಟ್ಟು ತಿಳಿಸಿರಿ.