ಗಾಂಧಿನಗರದಲ್ಲಿ ಹಳೇ ಲಾಡ್ಜ್, ರೇಟಿಂಗ್ ಬೀಳ್ತಿದೆ, ದುಡ್ಡು ಮೊದ್ಲು ಎಲ್ಲಿಗೆ ಹಾಕ್ಲಿ?

ಗಾಂಧಿನಗರ_ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮಪ್ಪ ನಡೆಸ್ಕೊಂಡು ಬಂದಿದ್ದ ಲಾಡ್ಜ್ ಈಗ ನನ್ನ ಕೈಗೆ ಬಂದಿದೆ. 28 ರೂಮು, ಕೆಳಗಡೆ ವೆಜ್ ಹೋಟ್ಲಿಗೆ ಬಾಡಿಗೆ ಕೊಟ್ಟಿದೀವಿ. ಮುಂಚೆ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದವ್ರು ಬೋರ್ಡ್ ನೋಡ್ಕೊಂಡು ಒಳಗೆ ಬರ್ತಿದ್ರು, ಈಗ ಬಸ್ಸಲ್ಲಿ ಕೂತಾಗ್ಲೇ ಫೋನಲ್ಲಿ ರೇಟಿಂಗ್ ನೋಡಿ ಬುಕ್ ಮಾಡ್ಬಿಡ್ತಾರೆ, ನಮ್ದು 4ರ ಹತ್ರ ಇದ್ದಿದ್ದು 3.2ಕ್ಕೆ ಇಳಿದಿದೆ. ಬ್ಯಾಂಕಲ್ಲಿ 15 ಲಕ್ಷ ಲೋನ್ ಸಿಗತ್ತೆ. ಇಂಟೀರಿಯರ್‌ನವ್ರು ರಿಸೆಪ್ಷನ್‌ಗೆ ಗ್ಲಾಸು, ಕಾರಿಡಾರ್‌ಗೆಲ್ಲಾ ಮರದ ಪ್ಯಾನೆಲಿಂಗ್, ಫಾಲ್ಸ್ ಸೀಲಿಂಗ್ ಮಾಡ್ಸಿ, ಫೋಟೋ ಚೆನ್ನಾಗಿ ಬರತ್ತೆ ಅಂತಿದಾರೆ. ಸ್ಟಾರ್ ಸರ್ಟಿಫಿಕೇಟ್ ತಗೋ ಅಂತ ಇನ್ನೊಬ್ರು. ರಿವ್ಯೂನಲ್ಲಿ ಜಾಸ್ತಿ ಬರ್ತಿರೋದು ಬೆಡ್‌ಶೀಟ್ ಮಾಸಲು, ಬಾತ್‌ರೂಮ್ ವಾಸ್ನೆ, ಸ್ಟಾಫ್ ಸರಿಯಾಗಿ ಮಾತಾಡಲ್ಲ, ಇವೇ. ಈ ಲೈನ್‌ನಲ್ಲಿ ಇರೋರು ದಯವಿಟ್ಟು ಹೇಳಿ, ಮೊದ್ಲು ಏನು ಮಾಡ್ಲಿ?

ಹೌಸ್‌ಕೀಪಿಂಗ್_ಅಕ್ಕ:
ತಮ್ಮಾ, ಪ್ಯಾನೆಲಿಂಗ್‌ನವ್ರಿಗೆ ಈಗ್ಲೇ ಅಡ್ವಾನ್ಸ್ ಕೊಡ್ಬೇಡ. ನಾನು ದೊಡ್ಡ ಹೋಟೆಲ್‌ಗಳಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ, ಈಗ ಸಣ್ಣ ಹೋಟೆಲ್ ಹುಡುಗ್ರಿಗೆ ಟ್ರೈನಿಂಗ್ ಕೊಡ್ತೀನಿ. ಮೂರು ವಿಷ್ಯ ಹೇಳು. ರೂಮ್ ಬಾಯ್ಸ್ ಎಷ್ಟು ಜನ, ಬೆಡ್‌ಶೀಟ್ ಟವಲ್ ರೂಮಿಗೆ ಎಷ್ಟು ಸೆಟ್ ಇದೆ, ಹುಡುಗ್ರು ಎಲ್ಲಿ ಮಲಗ್ತಾರೆ?

ಗಾಂಧಿನಗರ_ಹುಡುಗ:
ಹಗಲು ಒಬ್ಬ, ರಾತ್ರಿ ಒಬ್ಬ ಅಕ್ಕ. ಸೆಟ್ ಎರಡೆರಡು ಇರ್ಬಹುದು. ಮಲಗೋದು ಟೆರೇಸ್ ಮೇಲೆ ಶೀಟ್ ಶೆಡ್ಡಲ್ಲಿ.

ಹೌಸ್‌ಕೀಪಿಂಗ್_ಅಕ್ಕ:
ಚೆಕ್‌ಔಟ್ ಆದ ಒಂದು ರೂಮನ್ನ ಸರಿಯಾಗಿ ಮಾಡೋಕೆ ಅರ್ಧ ಗಂಟೆ ಬೇಕೇ ಬೇಕು, ದೊಡ್ಡ ಕಡೆ ಒಂದು ಶಿಫ್ಟಿಗೆ ಒಬ್ಬರಿಗೆ 12ರಿಂದ 15 ರೂಮ್ ಕೊಡ್ತಾರೆ. ನಿಮ್ಮಲ್ಲಿ ಲಾಡ್ಜ್ ಫುಲ್ ಆದ ದಿನ ಒಬ್ಬನೇ 28 ಮಾಡ್ತಿದಾನೆ, ಜೊತೆಗೆ ಗೆಸ್ಟಿಗೆ ನೀರು ಕಾಫಿ ತಂದ್ಕೊಡೋದೂ ಅವನೇ ಇರ್ತಾನೆ. ಆಗ ಏನಾಗತ್ತೆ ಗೊತ್ತಾ, ಕಮೋಡ್ ಒರೆಸಿದ ಬಟ್ಟೇಲೇ ವಾಷ್‌ಬೇಸಿನ್ನು, ಅದರಲ್ಲೇ ಕುಡಿಯೋ ಲೋಟ, ಶೀಟ್ ಮೇಲೆ ಕಲೆ ಕಾಣ್ಲಿಲ್ಲ ಅಂದ್ರೆ ಕೊಡವಿ ಮತ್ತೆ ಅದನ್ನೇ ಹಾಸೋದು. ಹುಡುಗ ಸೋಮಾರಿ ಅಂತ ಬೈದು ಪ್ರಯೋಜನ ಇಲ್ಲ, ಅವನಿಗೆ ಟೈಮೇ ಇಲ್ಲ. ಹಗಲಿಗೆ ಇನ್ನೊಬ್ಬರನ್ನ ತಗೋ, ಹೆಣ್ಮಕ್ಕಳು ಸಿಕ್ಕಿದ್ರೆ ಇನ್ನೂ ಒಳ್ಳೇದು.

ಲಿನನ್, ಅಂದ್ರೆ ಬೆಡ್‌ಶೀಟ್ ಟವಲ್, ರೂಮಿಗೆ ಮೂರು ಸೆಟ್ ಇರ್ಬೇಕು: ಒಂದು ಹಾಸಿಗೆ ಮೇಲೆ, ಒಂದು ಒಗೆಯೋಕೆ, ಒಂದು ಕಪಾಟಲ್ಲಿ. 28ಕ್ಕೆ 84 ಸೆಟ್. ಎರಡೇ ಇದ್ರೆ ಮಳೆಗಾಲದಲ್ಲಿ ಒಣಗದೇ ಇರೋದನ್ನೇ ಹಾಸ್ತಾರೆ, ನೀನು ಹೇಳೋ ವಾಸ್ನೆ ಅರ್ಧ ಅಲ್ಲಿಂದಲೇ ಬರ್ತಿರತ್ತೆ. ಟಾಯ್ಲೆಟ್ಟಿಗೆ ಕೆಂಪು ಬಟ್ಟೆ, ಬೇಸಿನ್ನಿಗೆ ಹಳದಿ, ಟೇಬಲ್ಲಿಗೆ ನೀಲಿ ಅಂತ ಬೇರೆ ಬೇರೆ ಕೊಡು, ಓದೋಕೆ ಬರದವ್ರೂ ತಪ್ಪು ಮಾಡಲ್ಲ. ಮಾಡಿ ಮುಗಿಸಿದ ರೂಮುಗಳಲ್ಲಿ ದಿನಾ ನಾಲ್ಕೈದಕ್ಕೆ ನೀನೇ ಹೋಗಿ ನೋಡು, ಡ್ರೈನ್ ಜಾಲರಿ ಎತ್ತಿ ಕೂದ್ಲಿದೆಯಾ ನೋಡು, ಹಾಸಿಗೆ ಹೊಲಿಗೆ ಸಂದಿ, ಮಂಚದ ತಲೆಕಡೆ ಹಲಗೆ ಹಿಂದೆ ತಿಗಣೆ ಇದೆಯಾ ನೋಡು. ತಿಗಣೆ ಸಿಕ್ಕಿದ್ರೆ ಆ ರೂಮ್ ಒಂದನ್ನೇ ಮುಚ್ಚಿ ಔಷಧಿ ಹೊಡೆಸಿದ್ರೆ ಸಾಲಲ್ಲ, ಅಕ್ಕಪಕ್ಕ ಮೇಲೆ ಕೆಳಗಿನ ರೂಮ್‌ಗಳನ್ನೂ ಚೆಕ್ ಮಾಡ್ಸು.

ಇನ್ನು ಟೆರೇಸ್ ಶೆಡ್. ಏಪ್ರಿಲ್ ಬಿಸಿಲಲ್ಲಿ ಶೀಟ್ ಕೆಳಗೆ ನಿದ್ದೆ ಮಾಡಿದ ಹುಡುಗ ಬೆಳಿಗ್ಗೆ ಐದಕ್ಕೆ ಬಂದ ಗೆಸ್ಟ್ ಹತ್ರ ನಗ್ತಾ ಮಾತಾಡೋದು ಹೇಗೆ ಹೇಳು? ಒಂದು ರೂಮನ್ನ ಸ್ಟಾಫಿಗೆ ಅಂತ ಬಿಟ್ಕೊಡು, ವಾರಕ್ಕೊಂದು ರಜೆ ಕೊಡು. ಒಟ್ಟು ಸ್ಟಾಫ್ 10 ಆದ್ರೆ ಇಎಸ್‌ಐ, ಅಂದ್ರೆ ನೌಕರರ ಸರ್ಕಾರಿ ಆರೋಗ್ಯ ವಿಮೆ, ಬರತ್ತೆ, ತಿಂಗಳಿಗೆ 21,000 ಒಳಗಿನ ಸಂಬಳದವ್ರಿಗೆಲ್ಲಾ ಅನ್ವಯ. ಟ್ರೈನಿಂಗಿಗೆ ದೂರ ಹೋಗ್ಬೇಕಾಗಿಲ್ಲ, ಶೇಷಾದ್ರಿ ರಸ್ತೇಲಿ ಎಸ್‌ಜೆ ಪಾಲಿಟೆಕ್ನಿಕ್ ಆವರಣದಲ್ಲೇ ಹೋಟೆಲ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಇದೆ, ಶಾರ್ಟ್ ಕೋರ್ಸ್ ಯಾವುದಿದೆ ಅಂತ ಹೋಗಿ ವಿಚಾರಿಸು. ಕೆಲಸ ಕಲಿತವನು ಬೇರೆ ಕಡೆ ಹೋಗ್ಬಿಡ್ತಾನೆ ಅಂತ ಎಷ್ಟೋ ಓನರ್‌ಗಳು ಕಲಿಸೋದೇ ಇಲ್ಲ, ನನಗೆ ಅದು ನಿಜವಾಗ್ಲೂ ನೋವಾಗತ್ತೆ.

ಹುಬ್ಳಿ_ರೆಪ್:
ನಾ ಈ ಲೈನಿನ್ಯಾಂವ ಅಲ್ರಿ, ಗಿರಾಕಿ. ಮೆಡಿಕಲ್ ಕಂಪನಿ ಕೆಲಸದ ಮ್ಯಾಲೆ ತಿಂಗಳಾ ಬೆಂಗಳೂರಿಗೆ ಬರತೇನಿ, ರಾತ್ರಿ ಟ್ರೇನ್ ಹತ್ತಿ ನಸಿಕಿನ್ಯಾಗ ಇಳಿತೇನಿ. ಆವಾಗ ನನಗ ಬೇಕಾಗೂದು ಬಿಸಿನೀರು, ಒಣಾ ಟವಲ್, ಸರಿಯಾಗಿ ಬೀಳೂ ಚಿಲಕ, ಇಷ್ಟರೀ. ಮೊದಲ ಮೆಜೆಸ್ಟಿಕ್ ಲಾಡ್ಜಿನ್ಯಾಗ 24 ತಾಸಿನ ಚೆಕ್‌ಔಟ್ ಇರತಿತ್ತು, ಈಗ ಆ್ಯಪ್‌ನ್ಯಾಗ ಬುಕ್ ಮಾಡಿದ್ರ ಮಧ್ಯಾಹ್ನ 12ರ ತನಕಾ ರೂಮ್ ಕೊಡಂಗಿಲ್ಲ ಅಂತಾರ, ಬ್ಯಾಗ್ ಹಿಡ್ಕೊಂಡು ಎಲ್ಲಿ ಹೋಗೂದು? ಜಳಕಕ್ಕರ ಒಂದು ರೂಮ್ ಬಿಡ್ರಿ, ಸಣ್ಣ ಚಾರ್ಜ್ ತಗೋರಿ, ನಾವು ನಾಕು ಮಂದಿಗೆ ಹೇಳತೇವಿ. ರಿಸೆಪ್ಷನ್ ಗ್ಲಾಸ್ ನೋಡಿ ನಾ ಎಂದೂ ರೂಮ್ ಹಿಡದಿಲ್ರಿ.

ಮಾರತಹಳ್ಳಿ_ಓನರ್:
ಅಕ್ಕ ಹೇಳಿದ್ದಕ್ಕೆ ನೀರಿನ ವಿಷ್ಯ ಸೇರಿಸ್ತೀನಿ. ಬೋರ್‌ವೆಲ್ ಅಥ್ವಾ ಟ್ಯಾಂಕರ್ ನೀರು ಬಳಸ್ತಿದ್ರೆ ಮೊದ್ಲು ಹಾರ್ಡ್‌ನೆಸ್ ಟೆಸ್ಟ್ ಮಾಡ್ಸಿ. ಗಡಸು ನೀರಲ್ಲಿ ಸೋಪು ನೊರೆ ಬರಲ್ಲ, ಎಷ್ಟು ಒಗೆದ್ರೂ ಬಿಳಿ ಶೀಟ್ ಬೂದಿ ಬಣ್ಣಕ್ಕೆ ತಿರುಗಿ ಒರಟಾಗತ್ತೆ, ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಬಿಸಿನೀರು ಬರೋದು ನಿಧಾನ ಆಗತ್ತೆ. ಮಾಸಲು ಅಂತ ರಿವ್ಯೂ ಬರ್ದಿರೋ ಶೀಟುಗಳಲ್ಲಿ ಕೆಲವು ಒಗೆದಿರೋವೇ ಇರ್ಬಹುದು. ನೀರಿನ ಗಡಸು ತೆಗೆಯೋ ಸಾಫ್ಟ್‌ನರ್ ಒಂದು ಹಾಕ್ಸಿ, ಅದಕ್ಕೆ ಉಪ್ಪು ಹಾಕೋ ಕೆಲಸ ಒಬ್ಬನ ಹೆಸರಿಗೇ ಬರ್ದಿಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ಪರದಾಡಿದಾಗ ಜಲಮಂಡಳಿ ಹೋಟೆಲ್‌ಗಳ ನಲ್ಲಿಗೆಲ್ಲಾ ಏರೇಟರ್ (ನೀರು ಉಳಿಸೋಕೆ ನಲ್ಲಿ ಬಾಯಿಗೆ ಹಾಕೋ ಸಾಧನ) ಕಡ್ಡಾಯ ಮಾಡ್ತಲ್ಲ, ಅದರ ಜಾಲರೀಲೂ ಸುಣ್ಣ ಕಟ್ಟತ್ತೆ, ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿಡಿ.

ಲೆಕ್ಕದ ಕಡೆ ಬಂದ್ರೆ, 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಗೆಸ್ಟಿಗೆ ಒಳ್ಳೇದೇ. ಆದ್ರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ನೀವು ಟೈಲ್ಸ್, ಎಸಿ, ಹಾಸಿಗೆ ತಗೊಂಡಾಗ ಕಟ್ಟೋ ಜಿಎಸ್‌ಟಿ ವಾಪಸ್ ಬರಲ್ಲ, ಪೂರ್ತಿ ನಿಮ್ಮ ಖರ್ಚೇ. ಸಣ್ಣವ್ರು ಕ್ವಾಲಿಟಿ ಸುಧಾರಿಸ್ಲಿ ಅಂತ ಎಲ್ರೂ ಭಾಷಣ ಮಾಡ್ತಾರೆ, ಸುಧಾರಿಸೋಕೆ ದುಡ್ಡು ಹಾಕಿದವನಿಗೇ ಹೊರೆ ಬೀಳೋ ಹಾಗಿದೆ ಇದು, ಸರ್ಕಾರ ಇದನ್ನ ಯೋಚಿಸ್ಲೇಬೇಕು. ಸ್ಟಾರ್ ಸರ್ಟಿಫಿಕೇಟ್ ಕೇಂದ್ರ ಪ್ರವಾಸೋದ್ಯಮ ಇಲಾಖೆ ಕೊಡೋದು, 5 ವರ್ಷ ನಡೆಯತ್ತೆ, ಕಡ್ಡಾಯ ಏನಲ್ಲ. ಅರ್ಜಿ ಹಾಕದಿದ್ರೂ ಅವರ ಚೆಕ್‌ಲಿಸ್ಟ್ ಡೌನ್‌ಲೋಡ್ ಮಾಡಿ ಒಂದ್ಸಲ ಲಾಡ್ಜ್ ಪೂರ್ತಿ ಓಡಾಡಿ, ಎಲ್ಲಿ ಕಮ್ಮಿ ಇದೆ ಗೊತ್ತಾಗತ್ತೆ.

ಸೇಫ್ಟಿ_ಆಫೀಸರ್_ಯಶವಂತಪುರ:
ಲೇಟಾಗಿ ನೋಡ್ದೆ. ಕಾರಿಡಾರ್‌ಗೆ ಮರದ ಪ್ಯಾನೆಲಿಂಗ್ ಬೇಡವೇ ಬೇಡ ಸರ್. 2019ರ ಫೆಬ್ರವರಿ 12ರ ಬೆಳಗಿನ ಜಾವ ದೆಹಲಿ ಕರೋಲ್ ಬಾಗ್‌ನ ಅರ್ಪಿತ್ ಪ್ಯಾಲೇಸ್ ಹೋಟೆಲ್‌ಗೆ ಬೆಂಕಿ ಬಿದ್ದು 17 ಜನ ಸತ್ರು, ಕಾರಿಡಾರ್‌ಲಿದ್ದ ಮರದ ಪ್ಯಾನೆಲಿಂಗ್‌ನಿಂದ ಜನ ಹೊರಗೆ ಬರೋಕೆ ಆಗ್ಲಿಲ್ಲ ಅಂತ ಫೈರ್‌ನವ್ರೇ ಹೇಳಿದ್ರು. ನಿಮ್ಮ ಕೆಳಗಡೆ ಅಡುಗೆಮನೆ, ಗ್ಯಾಸು, ಮೇಲೆ ಟೆರೇಸಲ್ಲಿ ಹುಡುಗ್ರು ಮಲಗಿರ್ತಾರೆ, ಮಧ್ಯೆ 28 ರೂಮು. ಆ ಲೋನ್‌ನಲ್ಲಿ ಹಳೇ ವೈರಿಂಗ್ ಬದಲಾಯಿಸಿ, ಸ್ಮೋಕ್ ಡಿಟೆಕ್ಟರ್ ಹಾಕ್ಸಿ, ಮೆಟ್ಟಿಲ ಕೆಳಗೆ ತುಂಬಿಟ್ಟಿರೋ ಹಳೇ ಹಾಸಿಗೆ ಏನಾದ್ರೂ ಇದ್ರೆ ಮೊದ್ಲು ತೆಗೆಸಿ. ರಾತ್ರಿ ಪಾಳಿ ಹುಡುಗನಿಗೆ ಎಕ್ಸ್‌ಟಿಂಗ್ವಿಷರ್ ಪಿನ್ ತೆಗೆಯೋಕೆ ಬರತ್ತಾ ಇವತ್ತೇ ಕೇಳಿ, ಬರಲ್ಲ ಅಂದ್ರೆ ಅವನ ಕೈಯಲ್ಲೇ ಒಂದ್ಸಲ ಹಿಡಿಸಿ ಮಾಡ್ಸಿ. ಟೆರೇಸ್ ಬಾಗಿಲಿಗೆ ಬೀಗ ಹಾಕೋ ಅಭ್ಯಾಸ ಇದ್ರೆ ಇವತ್ತಿಂದಲೇ ನಿಲ್ಸಿ, ಒಳಗಡೆಯಿಂದ ಕೀ ಇಲ್ಲದೇ ತೆಗೆಯೋ ಹಾಗಿರ್ಬೇಕು.