ಇಟಾಲಿಯನ್ ಪದದಲ್ಲಿ ಒತ್ತು ಎಲ್ಲಿ ಬೀಳುತ್ತೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ಟುರಿನ್‌ನಲ್ಲಿ ಎಂಎಸ್ ಮಾಡ್ತಿದೀನಿ, ಜೊತೆಗೆ ಇಟಾಲಿಯನ್ ಕ್ಲಾಸ್ ನಡೀತಿದೆ. ಮಿಲಾನೊ ಅಂದ್ರೆ ಒತ್ತು (ಹೇಳೋವಾಗ ಜೋರು ಬೀಳೋ ಜಾಗ) ನಡುವೆ, ಆದ್ರೆ ನಾಪೊಲಿ, ಜೇನೊವ, ಮೋದೆನ ಎಲ್ಲಾ ಶುರುವಲ್ಲೇ. ಬರವಣಿಗೇಲಿ ಗುರುತೇ ಇರಲ್ಲ, ಹಾಗಿದ್ರೆ ಹೊಸ ಪದ ಓದೋದು ಹೇಗೆ? ಇನ್ನೊಂದು, ಪುಸ್ತಕದಲ್ಲಿ ಪ-ಸ್ತ ಅಂತ ಒಡೆದಿದಾರೆ, ನನ್ನ ಕಿವಿಗೆ ಪಸ್-ತ ಅಂತಾನೇ ಕೇಳ್ಸುತ್ತೆ.

ಉತ್ತರ 1: ಮೊದ್ಲು ಒಡೆಯೋದು ನೋಡಿ. ಎರಡು ಸ್ವರದ ಮಧ್ಯೆ ಒಂದೇ ವ್ಯಂಜನ ಇದ್ರೆ ಅದು ಮುಂದಿನ ಸ್ವರಕ್ಕೆ ಹೋಗುತ್ತೆ, ಕಾ-ಸ, ತಾ-ವೊ-ಲೊ. ದ್ವಿತ್ವ ಆದ್ರೆ ಅರ್ಧರ್ಧ, ಗತ್-ತೊ, ನೊತ್-ತೆ. ಎಲ್, ಎಂ, ಎನ್, ಆರ್ ಆದ್ಮೇಲೆ ಬೇರೆ ವ್ಯಂಜನ ಬಂದ್ರೂ ಹಂಗೇ, ಪರ್-ತೆ, ಆದ್ರೆ ಲೀ-ಬ್ರೊ, ಮಾ-ದ್ರೆ ಇಂಥವನ್ನ ಸೀಳಲ್ಲ. ಎಸ್ ಜೊತೆ ವ್ಯಂಜನ ಇದ್ರೆ ಎರಡೂ ಮುಂದಕ್ಕೇ, ಫಿ-ನೆ-ಸ್ತ್ರ. ಇದು ಸಾಲಿನ ಕೊನೇಲಿ ಪದ ಮುರಿಯೋ ರೂಲು ಅಷ್ಟೇ, ನಿಮ್ಮ ಕಿವಿ ಸರಿಯಾಗೇ ಇದೆ. ಒತ್ತು ಬಿದ್ದ ಅಕ್ಷರ ಸ್ವರದಲ್ಲಿ ಮುಗಿದ್ರೆ ಕಾಸ ಥರ ಎಳೀತಾರೆ, ಪಸ್ತದಲ್ಲಿ ಎಳೆಯಲ್ಲ, ಅಂದ್ರೆ ಮಾತಲ್ಲಿ ಎಸ್ ಹಿಂದಿನದಕ್ಕೇ ಅಂಟಿರುತ್ತೆ. ನಮ್ಮ ಛಂದಸ್ಸಲ್ಲಿ ಒತ್ತಕ್ಷರದ ಹಿಂದಿನದು ಗುರು ಆಗುತ್ತಲ್ಲ, ಹಾಗೆ.

ಉತ್ತರ 2: ಒತ್ತಿನ ಬಗ್ಗೆ ನಾನು ಹೇಳ್ತೀನಿ. ಬಹುಪಾಲು ಪದಗಳಲ್ಲಿ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು. ಕೊನೇ ಅಕ್ಷರಕ್ಕೇ ಒತ್ತಿದ್ರೆ ಚಿತ್ತಾ, ಕಫ್ಫೆ ಥರ ಮೇಲೆ ಗೆರೆ ಬರೀಲೇಬೇಕು, ಹಾಗಾಗಿ ಗೆರೆ ಇಲ್ಲದ ಪದದಲ್ಲಿ ಕೊನೇದನ್ನ ಮರೆತುಬಿಡಿ. ಕೊನೆಯಿಂದ ಎರಡನೇದು ವ್ಯಂಜನದಲ್ಲಿ ಮುಗಿದ್ರೆ ಒತ್ತು ಹೆಚ್ಚುಕಮ್ಮಿ ಅಲ್ಲೇ, ತಾರಂತೊ ಅನ್ನೋ ಊರು, ಬಾದಾಮಿಗೆ ಹೇಳೋ ಮಂದೊರ್ಲ ಇಂಥ ಕೆಲವು ಬಿಟ್ಟು (ಇವೆರಡಕ್ಕೂ ಮೊದಲ ಅಕ್ಷರಕ್ಕೆ ಒತ್ತು). ಸ್ವರದಲ್ಲಿ ಮುಗಿದಾಗ ಮಾತ್ರ ಡೌಟು, ನಿಮ್ಮ ನಾಪೊಲಿ, ಮೋದೆನ ಅಲ್ಲೇ ಬರೋದು. ಅದಕ್ಕೆ ರೂಲಿಲ್ಲ, ಪದ ಕಲಿಯೋವಾಗ್ಲೇ ಒತ್ತನ್ನೂ ಸೇರಿಸಿ ಕಲೀಬೇಕು. ತ್ರೆಕ್ಕಾನಿ ಆನ್‌ಲೈನ್ ಡಿಕ್ಷನರಿ ನೋಡಿ, ಪದದ ಮೇಲೆ ಗೆರೆ ಹಾಕಿರ್ತಾರೆ. ಅಸಡ್ಡೆ ಮಾತ್ರ ಬೇಡ, ಅಂಕೊರದಲ್ಲಿ ಮೊದಲನೇದನ್ನ ಒತ್ತಿದ್ರೆ ಹಡಗಿನ ಲಂಗರು, ನಡುವಿಂದನ್ನ ಒತ್ತಿದ್ರೆ 'ಇನ್ನೂ'.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಇಟಾಲಿಯ, ಫರ್ಮಚೀಅ ಎರಡರ ಕೊನೇಲೂ 'ಇಅ' ಇದೆ, ಒತ್ತು ಯಾಕೆ ಬೇರೆ ಬೇರೆ?

ಉತ್ತರ 3: ಫರ್ಮಚೀಅದಲ್ಲಿ ಒತ್ತು ಆ 'ಇ' ಮೇಲೇ ಇದೆ, ಆಗ ಅದು ಬೇರೆ ಅಕ್ಷರ ಆಗಿ ನಿಲ್ಲುತ್ತೆ, ಫರ್-ಮ-ಚೀ-ಅ. ಇಟಾಲಿಯದಲ್ಲಿ ಒತ್ತು 'ಟಾ' ಮೇಲೆ, 'ಇ' ಕರಗಿ ಯಕಾರದ ಥರ ಆಗುತ್ತೆ, ಇ-ಟಾ-ಲ್ಯ, ಮೂರೇ ಅಕ್ಷರ. ಹಂಗೇ ಕ್ರಿಯಾಪದಗಳನ್ನೂ ಗಮನಿಸಿ, 'ಅವನು ಫೋನ್ ಮಾಡ್ತಾನೆ' ತೆಲೇಫೊನ, 'ಅವರು ಮಾಡ್ತಾರೆ' ತೆಲೇಫೊನನೊ, ಬಾಲ ಉದ್ದ ಆದ್ರೂ ಒತ್ತು 'ಲೇ' ಬಿಟ್ಟು ಕದಲಲ್ಲ, ಕೊನೆಯಿಂದ ನಾಲ್ಕನೇದು.