ಬೀ ಗೀಸ್ 1975ರಲ್ಲಿ ಮತ್ತೆ ಎದ್ದದ್ದು ಹೇಗೆ? ಬದಲಾದದ್ದು ಕಂಠವೋ, ತಾಳವೋ?

ಕೇಳುಗ33:
1971ರಲ್ಲಿ ‘ಹೌ ಕ್ಯಾನ್ ಯು ಮೆಂಡ್ ಎ ಬ್ರೋಕನ್ ಹಾರ್ಟ್’ ಅಮೆರಿಕದಲ್ಲಿ ನಂಬರ್ ಒನ್. ಮೂರೇ ವರ್ಷಕ್ಕೆ ಈ ಬೀ ಗೀಸ್, ಅಂದರೆ ಬ್ಯಾರಿ, ರಾಬಿನ್, ಮಾರಿಸ್ ಗಿಬ್ ಅಣ್ಣತಮ್ಮಂದಿರು, ಉತ್ತರ ಇಂಗ್ಲೆಂಡಿನ ಬ್ಯಾಟ್ಲಿ ಕ್ಲಬ್ಬಿನಲ್ಲಿ ಊಟಕ್ಕೆ ಕೂತವರ ಮುಂದೆ ಹಾಡುತ್ತಿದ್ದರು. ಅಷ್ಟರಲ್ಲಿ ಅವರ ಒಂದು ಇಡೀ ಆಲ್ಬಂ ತಿರಸ್ಕಾರವಾಗಿ ಡಬ್ಬ ಸೇರಿತ್ತು. 1974ರ ‘ಮಿಸ್ಟರ್ ನ್ಯಾಚುರಲ್’ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ನೋಡಿದರೆ ‘ಜೈವ್ ಟಾಕಿನ್’ ನಂಬರ್ ಒನ್! "ಡಿಸ್ಕೊ ಅಲೆ ಬಂತು, ಹತ್ತಿಕೊಂಡರು" ಅನ್ನೋ ಉತ್ತರ ಬೇಡ. ಸ್ಟುಡಿಯೋದಲ್ಲಿ ನಿಜಕ್ಕೂ ಏನು ಬದಲಾಯಿತು? ಆ ಹಾಡನ್ನೂ ‘ಸ್ಟೇಯಿಂಗ್ ಅಲೈವ್’ ಅನ್ನೂ ಐದು ಜನರ ತಂಡಕ್ಕೆ ಕೂರಿಸಬೇಕು. ಸ್ವರ ಎಲ್ಲ ಸರಿ, ಆದರೆ ಸಪ್ಪೆ. ಯಾವುದನ್ನು ಗಮನಿಸಿ ಕೇಳಬೇಕು?

ಟೇಪುರುಳಿ:
ಮೊದಲು ಬದಲಾದದ್ದು ಜಾಗ. ಅವರ ಮ್ಯಾನೇಜರ್ ರಾಬರ್ಟ್ ಸ್ಟಿಗ್‌ವುಡ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ಗೂ ಮ್ಯಾನೇಜರ್. ಕ್ಲಾಪ್ಟನ್ ಹಿಂದಿನ ವರ್ಷವಷ್ಟೇ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಆಲ್ಬಂ ಮುಗಿಸಿದ್ದ, ಇವರಿಗೂ ಅಲ್ಲಿಗೇ ಹೋಗಿ ಅಂದ. 1975ರ ಆರಂಭದಲ್ಲಿ ಅವನು ಇಳಿದುಕೊಂಡಿದ್ದ 461 ಓಷನ್ ಬುಲೆವಾರ್ಡ್ ಮನೆಗೇ ಇವರೂ ಬಂದರು. ಅಲ್ಲಿಂದ ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲೆ ಕಾರಿನ ಚಕ್ರ ಮಾಡುತ್ತಿದ್ದ ‘ಚಂಕ ಚಂಕ’ ಸದ್ದೇ ‘ಜೈವ್ ಟಾಕಿನ್’ ಗಿಟಾರಿನ ಲಯ.

ಎರಡನೆಯದು ನಿರ್ಮಾಪಕ ಆರಿಫ್ ಮಾರ್ಡಿನ್. ‘ಮಿಸ್ಟರ್ ನ್ಯಾಚುರಲ್’ ಕೂಡ ಅವರದೇ, ಹಾಗಾಗಿ ನಿರ್ಮಾಪಕ ಬದಲಾದದ್ದಕ್ಕೇ ಗೆದ್ದರು ಅನ್ನೋಕೆ ಆಗಲ್ಲ. ಎರಡನೇ ಸಲ ಆರ್ಕೆಸ್ಟ್ರಾದ ತಂತಿವಾದ್ಯಗಳನ್ನು ಹಿಂದಕ್ಕೆ ಸರಿಸಿ, ಡ್ರಮ್ಸ್ ಡೆನಿಸ್ ಬ್ರಯನ್, ಕೀಬೋರ್ಡ್ ಬ್ಲೂ ವೀವರ್, ಗಿಟಾರ್ ಅಲನ್ ಕೆಂಡಲ್, ಬಾಸ್ ಮಾರಿಸ್, ಇಷ್ಟು ಜನರ ಮೇಲೇ ಹಾಡು ನಿಲ್ಲುವ ಹಾಗೆ ಮಾಡಿದರು. ಮೊದಲು ಲಯ, ಅದರ ಮೇಲೆ ರಾಗ. ಅಲ್ಲಿಯವರೆಗೆ ಇವರ ಕೆಲಸ ಇದಕ್ಕೆ ತಿರುಗುಮುರುಗು.

ಮೂರನೆಯದು ಸ್ಟಿಗ್‌ವುಡ್‌ನ ಕಿತಾಪತಿ: ತಂಡದ ಹೆಸರೇ ಇಲ್ಲದ ರೆಕಾರ್ಡನ್ನು ರೇಡಿಯೊ ಡಿಜೆಗಳಿಗೆ ಕಳಿಸಿದ್ದು. ಬೀ ಗೀಸ್ ಅಂತ ಗೊತ್ತಾದರೆ ಕೇಳದೇ ಪಕ್ಕಕ್ಕಿಡುತ್ತಾರೆ ಅನ್ನುವ ಲೆಕ್ಕ.

ಕೆಳಸ್ವರ:
ನಿಮ್ಮ ‘ಜೈವ್ ಟಾಕಿನ್’ ಸಪ್ಪೆಯಾಗೋದು ಬಹುಶಃ ಬಾಸ್‌ನಲ್ಲಿ. ರೆಕಾರ್ಡಿನಲ್ಲಿರುವುದು ಒಂದು ಬಾಸ್ ಅಲ್ಲ. ಮಾರಿಸ್ ಇಲ್ಲದಾಗ ವೀವರ್ ಎಆರ್‌ಪಿ 2600 ಸಿಂಥಸೈಜರಿನಲ್ಲಿ ಬಾಸ್ ನುಡಿಸಿಟ್ಟ. ಆಮೇಲೆ ಮಾರಿಸ್ ಕೆಲವು ಕಡೆ ಅದರ ಮೇಲೆ ಬಾಸ್ ಗಿಟಾರ್ ಸೇರಿಸಿದ. ಸಿಂಥ್‌ಗೆ ಸಾ-ಟೂತ್ (ಗರಗಸದ ಹಲ್ಲಿನಾಕಾರದ) ಅಲೆ, ಹೆಚ್ಚಿನ ಕಂಪನಗಳನ್ನು ತಡೆಯುವ ಫಿಲ್ಟರ್ ಹೆಚ್ಚುಕಮ್ಮಿ ಮುಚ್ಚಿ, ಡಿಕೇ (ಸ್ವರದ ಮೊದಲ ಏಟು ತಗ್ಗುವ ಸಮಯ) ಚಿಕ್ಕದು, ರಿಲೀಸ್ (ಕೀಲಿ ಬಿಟ್ಟ ಮೇಲೆ ಸ್ವರ ಉಳಿಯುವ ಸಮಯ) ಸೊನ್ನೆಯ ಹತ್ತಿರ ಇಡಿ. ಒಂದು ಸ್ವರ ನಿಂತ ಮೇಲೇ ಇನ್ನೊಂದು ಬರಬೇಕು, ಬಾಲ ಎಳೆದರೆ ಆ ಪುಟಿತ ಸತ್ತಿತು. ರಿವರ್ಬ್ (ಮಾರ್ದನಿ) ಬೇಡವೇ ಬೇಡ. ಎರಡೂ ಬಾಸ್ ಒಟ್ಟಿಗೆ ಬಂದಾಗ ಒಂದರಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಇಲ್ಲದಿದ್ದರೆ ಫೇಸ್ (ಎರಡು ಅಲೆಗಳ ಏರಿಳಿತ) ಹೊಂದದೆ ಒಂದು ಸ್ವರ ಗುಡುಗುತ್ತದೆ, ಪಕ್ಕದ್ದು ಮಾಯ. ಗಿಟಾರಿನವರು ಎಡಗೈ ಬೆರಳು ತಂತಿಯ ಮೇಲೆ ಸುಮ್ಮನೆ ಇಟ್ಟು, ಒತ್ತದೆ, ಬಲಗೈಯಲ್ಲಿ ಹದಿನಾರರ ಲೆಕ್ಕದಲ್ಲಿ (ಒಂದು ಬೀಟಿಗೆ ನಾಲ್ಕು ಸಲ) ಉಜ್ಜುತ್ತಿರಲಿ. ಅದು ನಿಂತರೆ ಹಾಡೇ ನಿಂತ ಹಾಗೆ.

ಮೇಲ್‌ಷಡ್ಜ:
ಕಂಠವನ್ನು ಮರೆತರಲ್ಲ! ‘ನೈಟ್ಸ್ ಆನ್ ಬ್ರಾಡ್‌ವೇ’ ಕೊನೆಗೆ ಯಾರಾದರೂ ಶ್ರುತಿಯಲ್ಲೇ ಕಿರುಚಬಹುದಾ ಅಂತ ಮಾರ್ಡಿನ್ ಕೇಳಿದ್ದಕ್ಕೆ ಬ್ಯಾರಿಯ ಫಾಲ್ಸೆಟೊ (ಸಹಜಕ್ಕಿಂತ ಎತ್ತರದ ತೆಳು ಕಂಠ) ಹೊರಬಂದದ್ದು. ಪುನರಾಗಮನ ಅಂದರೆ ಅದೇ.

ಟೇಪುರುಳಿ:
ಅದು ಆಮೇಲಿನ ಮಾತು. ‘ಜೈವ್ ಟಾಕಿನ್’ ಮತ್ತೆ ಹಾಕಿ ಕೇಳಿ. ಬ್ಯಾರಿ ಹಾಡುವುದು ಸಹಜ ಕಂಠದಲ್ಲೇ, ಉಸಿರು ಬೆರೆಸಿ, ಪಿಸುಮಾತಿನ ಹಾಗೆ. ನಂಬರ್ ಒನ್ ಆದದ್ದು ಆ ಹಾಡು. ಪೂರ್ತಿ ಫಾಲ್ಸೆಟೊ ಮುಂದೆ ನಿಂತದ್ದು 1976ರ ‘ಯು ಶುಡ್ ಬಿ ಡ್ಯಾನ್ಸಿಂಗ್’ನಲ್ಲಿ, ಆ ಹೊತ್ತಿಗೆ ಮಾರ್ಡಿನ್ ಇರಲೂ ಇಲ್ಲ, ಕಾರ್ಲ್ ರಿಚರ್ಡ್‌ಸನ್ ಮತ್ತು ಆಲ್ಬಿ ಗಲೂಟನ್ ಬಂದಿದ್ದರು.

ಎರಡು_ಬಾರ್:
‘ಸ್ಟೇಯಿಂಗ್ ಅಲೈವ್’ಗೆ ಬೇರೆ ಔಷಧ. 1977ರಲ್ಲಿ ಫ್ರಾನ್ಸಿನ ಶಾತೊ ದೆರೂವಿಲ್‌ನಲ್ಲಿ ರೆಕಾರ್ಡಿಂಗ್ ನಡೆದಾಗ ಬ್ರಯನ್ ಮನೆಯ ತುರ್ತಿಗೆ ಹೋಗಬೇಕಾಯಿತು. ಆರ್ಗನ್ನಿನ ಡ್ರಮ್ ಯಂತ್ರ ಹಾಕಿ ನೋಡಿದರು, ಜೀವ ಇರಲಿಲ್ಲ. ಆಗ ಅವನೇ ಬಾರಿಸಿದ್ದ ‘ನೈಟ್ ಫೀವರ್’ನಿಂದ ಎರಡು ಬಾರ್ (ನಾಲ್ಕು ಬೀಟಿನ ಒಂದು ಆವರ್ತ ಒಂದು ಬಾರ್) ತೆಗೆದು, ಟೇಪಿನ ತುದಿಗೆ ತುದಿ ಅಂಟಿಸಿ, ಮೈಕ್ ಸ್ಟ್ಯಾಂಡಿನ ಸುತ್ತ ಹಾಯಿಸಿ ಓಡಿಸಿದರು. ಸ್ಟ್ಯಾಂಡ್ ಯಾಕೆ ಬೇಕಾಯಿತು ಅಂದರೆ, ನಿಮಿಷಕ್ಕೆ 104 ಬೀಟ್ ಇದ್ದರೆ ಎರಡು ಬಾರ್‌ಗೆ ಸುಮಾರು 4.6 ಸೆಕೆಂಡು. ಟೇಪ್ ಸೆಕೆಂಡಿಗೆ 38 ಸೆಂ.ಮೀ. ಓಡಿದರೆ 175 ಸೆಂ.ಮೀ. ಉಂಗುರ, 76 ಸೆಂ.ಮೀ. ಓಡಿದರೆ ಮೂರೂವರೆ ಮೀಟರ್. ಯಂತ್ರದ ಮೇಲೆ ಹಿಡಿಸುವ ವಸ್ತುವಲ್ಲ. ಬಿಗಿ ಸಾಲದಿದ್ದರೆ ಟೇಪು ಅದನ್ನು ಓದುವ ಹೆಡ್‌ನಿಂದ ಜಾರಿ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ಮಂಕಾಗುತ್ತದೆ. ಟಾಮ್ ಡ್ರಮ್, ಕ್ರ್ಯಾಶ್ ತಾಳ ಎಲ್ಲ ಆಮೇಲೆ ಸೇರಿಸಿದ್ದು. ಇಲ್ಲದ ಡ್ರಮ್ಮರ್‌ಗೆ ‘ಬರ್ನಾರ್ಡ್ ಲೂಪ್’ ಅಂತ ಹೆಸರು ಬೇರೆ ಕೊಟ್ಟರು, ಲೂಪ್ ಅಂದರೆ ಈ ಉಂಗುರ!

ನಿಮ್ಮ ಡ್ರಮ್ಮರ್ ಹತ್ತು ನಿಮಿಷ ಫಿಲ್ (ನಡುವೆ ತುಂಬುವ ಅಲಂಕಾರದ ಏಟು) ಇಲ್ಲದೆ ಬಾರಿಸಲಿ, ಚೆನ್ನಾಗಿ ಕೂತ ಎರಡು ಬಾರ್ ಆರಿಸಿ. ಕಿಕ್ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್) ಏಟಿಗೆ ಸ್ವಲ್ಪ ಮುಂಚೆ ಕತ್ತರಿಸಿ. ಹೈ-ಹ್ಯಾಟ್ ಇನ್ನೂ ಮೊಳಗುತ್ತಿರುವಾಗ ಕತ್ತರಿಸಿದರೆ ಪ್ರತಿ ಸುತ್ತಿಗೂ ‘ಟಿಕ್’ ಅನ್ನುತ್ತದೆ. ಕಂಪ್ಯೂಟರಿನಲ್ಲಿ ಬೀಟುಗಳನ್ನು ಎಳೆದು ಗ್ರಿಡ್‌ನ ಸಮ ಗೆರೆಗಳಿಗೆ ಕೂರಿಸಬೇಡಿ. ಎರಡು ಬಾರ್ ಒಳಗಿನ ಓರೆಕೋರೆ ಹಾಗೇ ಇದ್ದು, ಅದೇ ಓರೆಕೋರೆ ಮತ್ತೆ ಮತ್ತೆ ಬರುವುದೇ ಆ ಹಾಡಿನ ನಡಿಗೆ.

ಕೇಳುಗ33:
ಬಾಸ್ ರಿಲೀಸ್ ಉದ್ದ ಇಟ್ಟಿದ್ದೇ ತಪ್ಪು, ಈಗ ಗೊತ್ತಾಯಿತು. ಇನ್ನೊಂದು: 1987ರ ‘ಯು ವಿನ್ ಅಗೇನ್’ ಕೂಡ ಹೀಗೇನಾ?

ಟೇಪುರುಳಿ:
ಅದು ಇನ್ನೂ ಕಷ್ಟದ್ದು. 1974ರಲ್ಲಿ ಜನ ಮರೆತಿದ್ದರು, ಅಷ್ಟೆ; 1979ರ ನಂತರ ಅಮೆರಿಕದಲ್ಲಿ ಹೆಸರು ಕೇಳಿದರೇ ಸಿಡುಕು. ಆ ವರ್ಷ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕಿನಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಸಿಡಿಸಿದ್ದು ನೆನಪಿರಬಹುದು. ಆಗ ಬೇರೆಯವರ ಕಂಠದ ಹಿಂದೆ ಕೂತು ಬರೆದರು: ಬಾರ್ಬ್ರಾ ಸ್ಟ್ರೈಸಂಡ್, ಡಿಯಾನ್ ವಾರ್ವಿಕ್, ಕೆನಿ ರಾಜರ್ಸ್–ಡಾಲಿ ಪಾರ್ಟನ್ ಜೋಡಿಗೆ. ಮತ್ತೆ ಹೆಸರಿಲ್ಲದ ರೆಕಾರ್ಡೇ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ. ‘ಯು ವಿನ್ ಅಗೇನ್’ಗೆ ಮಾರ್ಡಿನ್ ವಾಪಸ್ ಬಂದರು. ಶುರುವಿನ ಆ ಧಡ್ ಧಡ್ ಸದ್ದನ್ನು ತೆಗೆಯಿರಿ ಅಂದಿತ್ತು ಕಂಪನಿ, ಇವರು ಕೇಳಲಿಲ್ಲ. ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು, ಅಮೆರಿಕದಲ್ಲಿ 75ಕ್ಕೆ ನಿಂತಿತು.